ಗಾಡಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಬಾಗಲಕೋಟೆ ಕಡೆಯ ರಸ್ತೆಗಳಿಗೆ

ಬಾಗಲಕೋಟೆಯ ನವನಗರದಲ್ಲಿ ಕಾರು ಕಲಿಸುವುದು ನನ್ನ ಹೊಟ್ಟೆಪಾಡು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬರುವವರಿಗಾಗಿ ಕಟ್ಟಿದ ಊರು ಇದು. ಸೆಕ್ಟರ್ ರಸ್ತೆಗಳು ಅಗಲ, ನೆಟ್ಟಗೆ, ಭಾನುವಾರ ಮುಂಜಾನೆ ಖಾಲಿ. ಕ್ಲಚ್ ಬಿಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ. ಆದರೆ ಇಲ್ಲಿ ಕಲಿತವರು ಮರುವಾರವೇ ಹೋಗುವುದು ಮುಧೋಳ ರಸ್ತೆಗೆ, ಕೊಲ್ಹಾರ ಸೇತುವೆಗೆ, ಕಬ್ಬಿನ ಟ್ರ್ಯಾಕ್ಟರ್ ಬೆನ್ನಿಗೆ. ಅಲ್ಲಿ ಬೇಕಾಗುವ ವಿದ್ಯೆ ಬೇರೆ. ಕ್ಲಾಸಿನಲ್ಲಿ, ಚಹಾದಂಗಡಿಯಲ್ಲಿ, ರಾತ್ರಿ ಹತ್ತಕ್ಕೆ ಫೋನಿನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ.

ಮಗಗ ಹದಿನಾರು ತುಂಬ್ಯಾವ್ರಿ. ಟ್ಯೂಶನ್‌ಗೆ ಹೋಗಾಕ ಸ್ಕೂಟಿ ಕೊಡಬಹುದಲ್ಲ?

ಕೊಡಬೇಡಿ. ಹದಿನಾರಕ್ಕೆ ಕಾನೂನು ಬಿಡುವುದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದಕ್ಕೂ ಲೈಸನ್ಸ್ ಬೇಕು. ನಿಮ್ಮ ಅಂಗಳದಲ್ಲಿ ನಿಂತಿರುವುದು 110 ಇಲ್ಲವೇ 125 ಸಿಸಿ. ಅದಕ್ಕೂ ಕಾರಿಗೂ 18 ತುಂಬಬೇಕು. ಬಾಡಿಗೆ ಲಾರಿ, ಬಸ್ಸಿಗೆ 20.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 199ಎ ಎಂಬ ಕಲಂ ಸೇರಿತು. ಅಪ್ರಾಪ್ತ ಹುಡುಗ ಗಾಡಿ ಹೊಡೆದು ಸಿಕ್ಕಿಬಿದ್ದರೆ ತಪ್ಪಿತಸ್ಥರಾಗುವುದು ಅಪ್ಪ ಅಥವಾ ಗಾಡಿಯ ಮಾಲೀಕ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸನ್ಸ್ ಕೂಡ ಸಿಗುವುದಿಲ್ಲ. ಅಪ್ಪನ ಜೈಲಿನ ಸುದ್ದಿಗೆ ನಗುವ ಹುಡುಗರು ಈ ಕೊನೆಯದನ್ನು ಕೇಳಿದಾಗ ಮಾತ್ರ ಮೊಬೈಲ್ ಕೆಳಗಿಡುತ್ತಾರೆ.

ಎಲ್‌ಎಲ್‌ಆರ್ ಆಗಿ ಎಷ್ಟ ದಿನಕ್ಕ ಪಕ್ಕಾ ಲೈಸನ್ಸ ಬರತೈತಿ?

ಎಲ್‌ಎಲ್‌ಆರ್ ಸಿಕ್ಕ 30 ದಿನದ ನಂತರ ಟೆಸ್ಟಿಗೆ ಹೋಗಬಹುದು. ಅದರ ಆಯುಷ್ಯ 6 ತಿಂಗಳು. ಅಷ್ಟರೊಳಗೆ ಹೋಗದಿದ್ದರೆ ಮತ್ತೆ ಮೊದಲಿನಿಂದ. ಅರ್ಜಿ, ಶುಲ್ಕ ಎಲ್ಲ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲೇ ಆಗುತ್ತದೆ, ಏಜೆಂಟರ ಕಾಲು ಹಿಡಿಯಬೇಕಿಲ್ಲ. ಬಾಗಲಕೋಟೆಯವರಿಗೆ ಕೆಎ-29ರ ಆರ್‌ಟಿಒ ಕಚೇರಿ, ಜಮಖಂಡಿಯವರಿಗೆ ಕೆಎ-48, ವಿಜಯಪುರಕ್ಕೆ ಕೆಎ-28, ಬೆಳಗಾವಿಗೆ ಕೆಎ-22. ಗೋಕಾಕ, ಚಿಕ್ಕೋಡಿ, ಬೈಲಹೊಂಗಲಗಳಿಗೂ ಅವರವರ ಕಚೇರಿ ಇದೆ.

ಎಲ್‌ಎಲ್‌ಆರ್ ಇದ್ದಾಗ ಒಬ್ಬರೇ ಕಾರು ಹೊಡೆಯುವಂತಿಲ್ಲ. ಪಕ್ಕದಲ್ಲಿ ಪಕ್ಕಾ ಲೈಸನ್ಸ್ ಇರುವವರು ಕೂತಿರಬೇಕು, ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಇರಬೇಕು. ಎಲ್ ಬೋರ್ಡ್ ಹಚ್ಚಿದರೆ ನಾಚಿಕೆ ಅನ್ನುವವರಿದ್ದಾರೆ. ನನಗೆ ಕೇಳಿದರೆ ಹೈವೇಯಲ್ಲಿ ಲಾರಿಯವರು ದಾರಿ ಬಿಡುವುದು ಆ ಬೋರ್ಡಿಗೇ.

ಅಪ್ಪಾಜಿ ಲೈಸನ್ಸ ಮುಗದು ಎರಡು ವರ್ಷ ಆತು. ರಿನ್ಯೂ ಆಗತೈತೇನ್ರಿ?

ಆಗುತ್ತದೆ, ಆದರೆ ಮತ್ತೆ ಟೆಸ್ಟ್ ಕೊಡಬೇಕು. ಮುಗಿದ ಒಂದು ವರ್ಷದೊಳಗೆ ಬಂದಿದ್ದರೆ ಟೆಸ್ಟಿಲ್ಲದೆ ಆಗುತ್ತಿತ್ತು. ಮುಗಿದ ಮೇಲೆ ಒಂದು ತಿಂಗಳು ಓಡಿಸಬಹುದು ಎಂಬ ಹಳೆಯ ಸಡಿಲಿಕೆ 2019ರಲ್ಲೇ ಹೋಗಿದೆ. 40 ದಾಟಿದವರು ವೈದ್ಯರ ಪ್ರಮಾಣಪತ್ರ ಇಟ್ಟುಕೊಂಡೇ ಹೋಗಿ.

ಕಾರಿನ ಲೈಸನ್ಸ ಮ್ಯಾಲೆ ಛೋಟಾ ಹಾಥಿ ಹೊಡದರ ನಡೀತೈತಿ?

ನಡೆಯುತ್ತದೆ. ಲೋಡ್ ಸಮೇತ ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ಗಾಡಿಗೆ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿಯ ಲೈಸನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತು. ಗಾಡಿಯ ಫಿಟ್‌ನೆಸ್, ಪರ್ಮಿಟ್, ವಿಮೆಯ ಮಾತು ಬೇರೆ.

ನಮ್ಮ ಮಾಮಾನ ಕಲಸ್ತಾನ. ಮತ್ತ ಸ್ಕೂಲ್ ಯಾಕ ಬೇಕು?

ಸ್ವಂತ ಕಾರಿಗೆ ಸ್ಕೂಲ್ ಕಡ್ಡಾಯವಲ್ಲ. ಮಾಮಾ ತಾಳ್ಮೆಯವನಾಗಿದ್ದರೆ ಕಲಿಯಿರಿ. ನನ್ನ ದಂಧೆಗೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಅನ್ನಿಸಬಹುದು, ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಯಮದ ಪ್ರಕಾರ ಕಾರಿನ ತರಬೇತಿ ಕಡಿಮೆಯೆಂದರೆ 21 ದಿನ, ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸಿದ್ದೇ 10 ತಾಸು ಆಗಿರಬೇಕು. ದಿನಕ್ಕೆ ಹದಿನೈದು ನಿಮಿಷದಂತೆ ಇಪ್ಪತ್ತು ದಿನ ಲೆಕ್ಕ ಹಾಕಿ: ಐದು ತಾಸು. ಉಳಿದ ಐದು ತಾಸು ಎಲ್ಲಿ ಹೋಯಿತು? ನಾವು ಕಲಿಸುವವರೂ ಬಹುಪಾಲು ಟೆಸ್ಟಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ 8ರ ಆಕಾರದಲ್ಲಿ ಗಾಡಿ ತಿರುಗಿಸಿ ಹಾಕಬೇಕಾದ ಎಂಟನ್ನು ಕಲಿಸುತ್ತೇವೆ, ರಿವರ್ಸ್ ಕಲಿಸುತ್ತೇವೆ, ಕಳಿಸಿಬಿಡುತ್ತೇವೆ. ಎಂಟು ಹಾಕುವುದು ತಪ್ಪಲ್ಲ. ಆದರೆ ಮುಧೋಳ ರಸ್ತೆಯಲ್ಲಿ ಯಾರೂ ನಿಮ್ಮನ್ನು ಎಂಟು ಹಾಕು ಅನ್ನುವುದಿಲ್ಲ.

ಸ್ಕೂಲ್ ಹುಡುಕುವಾಗ ಫೀಸಿಗಿಂತ ಮೊದಲು ಎರಡು ಮಾತು ಕೇಳಿ. ಕಲಿಸುವವರ ಕಾಲಡಿಯೂ ಬ್ರೇಕ್ ಇದೆಯೇ? ಒಂದು ಸಲವಾದರೂ ರಾತ್ರಿ ಕರೆದುಕೊಂಡು ಹೋಗುತ್ತೀರಾ? ಎರಡನೆಯದಕ್ಕೆ ತಲೆ ಕೆರೆದುಕೊಂಡರೆ ಮುಂದಿನ ಸ್ಕೂಲಿಗೆ ನಡೆಯಿರಿ. ಮಾಮಾನ ಕಾರಿನಲ್ಲಿ ಆ ಎರಡನೇ ಬ್ರೇಕ್ ಇರುವುದಿಲ್ಲ, ಹ್ಯಾಂಡ್‌ಬ್ರೇಕ್ ಎಳೆಯುವುದೊಂದೇ ದಾರಿ. ಅದಕ್ಕೇ ಆತನ ದನಿ ಅಷ್ಟು ಜೋರು.

ಲೈಸನ್ಸ ಬಂತು, ಖರೆ ಹೈವೇಗೆ ಹೋಗಾಕ ಎದಿ ಹೊಡಕೋತೈತಿ. ಏನ ಮಾಡೂದು?

ಹೊಡೆದುಕೊಳ್ಳಲಿ, ಒಳ್ಳೆಯದೇ. ನಿಮಗೆ ಗಾಡಿ ಓಡಿಸಲು ಬರುತ್ತದೆ. ನಿಲ್ಲಿಸಲು ಬರುತ್ತದೋ ಇಲ್ಲವೋ ನಿಮಗೇ ಗೊತ್ತಿಲ್ಲ. ಹೆದರಿಕೆ ಅಲ್ಲಿಂದ ಬರುತ್ತದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ಸೆಕ್ಟರ್ ರಸ್ತೆಗೆ ಬನ್ನಿ, ಜೊತೆಗೆ ಒಬ್ಬರಿರಲಿ. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಳ್ಳಿ. ರಸ್ತೆಯಂಚಿನಲ್ಲಿ ಒಂದು ಇಟ್ಟಿಗೆ ಇಡಿ. ಗಂಟೆಗೆ 30ರ ವೇಗದಲ್ಲಿ ಬಂದು ಇಟ್ಟಿಗೆ ಪಕ್ಕಕ್ಕೆ ಬಂದ ಕೂಡಲೇ ಬ್ರೇಕ್ ಗಟ್ಟಿಯಾಗಿ ತುಳಿಯಿರಿ. ನಿಂತ ಜಾಗಕ್ಕೆ ಸುಣ್ಣದ ಗೆರೆ. ಆಮೇಲೆ 40, ಆಮೇಲೆ 50. ಗೆರೆಗಳು ಹೇಗೆ ದೂರ ದೂರ ಸರಿಯುತ್ತವೆ ನೋಡಿ. ಎಬಿಎಸ್ (ಬ್ರೇಕ್ ತುಳಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಪೆಡಲ್ ಕಾಲಡಿ ಗಡಗಡ ನಡುಗುತ್ತದೆ. ಕೆಟ್ಟಿತೆಂದು ಕಾಲು ತೆಗೆಯಬೇಡಿ, ಅದು ಕೆಲಸ ಮಾಡುವುದೇ ಹಾಗೆ. ಎಷ್ಟೋ ಜನ ಹತ್ತು ವರ್ಷ ಗಾಡಿ ಹೊಡೆದಿದ್ದರೂ ಒಮ್ಮೆಯೂ ಬ್ರೇಕನ್ನು ಪೂರ್ತಿ ತುಳಿದಿರುವುದಿಲ್ಲ. ತುಳಿಯಬೇಕಾಗಿ ಬರುವ ದಿನ ಅದು ಮೊದಲನೇ ಸಲ ಆಗಿರಬಾರದು.

ಹಂಗಾದ್ರ ನಿಲ್ಲಾಕ ಎಷ್ಟ ಜಾಗಾ ಬೇಕ್ರಿ?

ಡಾಂಬರ್ ಒಣಗಿದೆ, ಟೈರ್ ಚೆನ್ನಾಗಿವೆ, ಎದುರಿನದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ. 60ರಲ್ಲಿ ಸುಮಾರು 37 ಮೀಟರ್, 80ರಲ್ಲಿ 58, 100ರಲ್ಲಿ 84. ಮೀಟರ್ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುವವರಿಗೆ ನಾನು ಬಸ್ಸಿನ ಲೆಕ್ಕ ಹೇಳುತ್ತೇನೆ: 60ಕ್ಕೆ ಮೂರು ಬಸ್ಸು, 80ಕ್ಕೆ ಐದು ಬಸ್ಸು, 100ಕ್ಕೆ ಏಳು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ವೇಗ ಎರಡರಷ್ಟಾದರೆ ಬ್ರೇಕ್ ತುಳಿದ ಮೇಲೆ ಓಡುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಮಳೆ ಬಿದ್ದರೆ ಇನ್ನೂ ಹೆಚ್ಚು.

ಮುಂದಿನ ಗಾಡಿಯಿಂದ ಎಷ್ಟು ಹಿಂದಿರಬೇಕು ಎಂಬುದಕ್ಕೆ ಟೇಪು ಹಿಡಿಯಬೇಕಿಲ್ಲ. ಆ ಗಾಡಿ ಒಂದು ಮೈಲಿಗಲ್ಲೋ ಗಿಡವೋ ದಾಟಿದ ಕೂಡಲೇ ಮನಸ್ಸಿನಲ್ಲಿ ಕೂಡಲಸಂಗಮ, ಕೂಡಲಸಂಗಮ, ಕೂಡಲಸಂಗಮ ಅನ್ನಿ. ಮೂರು ಸಲ ಅನ್ನಲು ಮೂರು ಸೆಕೆಂಡ್ ಬೇಕು. ಅಷ್ಟರೊಳಗೆ ನೀವೂ ಆ ಗಿಡ ದಾಟಿದ್ದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ಆರು ಸಲ ಅನ್ನಿ.

ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ ಕಾರಿಗೆ ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಉಳಿದ ರಸ್ತೆಗಳಲ್ಲಿ 70. ಬೈಕಿಗೆ 80 ಮತ್ತು 60. ರಸ್ತೆ ಬದಿಯ ಬೋರ್ಡ್ ಇದಕ್ಕಿಂತ ಕಡಿಮೆ ಹೇಳಿದರೆ ಬೋರ್ಡಿನ ಮಾತೇ ನಡೆಯುವುದು. ಮೀರಬಾರದ ಅಂಕಿ ಅದು, ಮುಟ್ಟಲೇಬೇಕಾದ ಅಂಕಿಯಲ್ಲ.

ಕಬ್ಬಿನ ಹಂಗಾಮದಾಗ ರಾತ್ರಿ ಜಮಖಂಡಿಗೆ ಹೋಗಬೇಕು. ಹೆಂಗ ಹೋಗೂದು?

ಸಾಧ್ಯವಾದರೆ ಹಗಲು ಹೋಗಿ. ಇದು ತಮಾಷೆಯಲ್ಲ. ನವೆಂಬರಿನಿಂದ ಹೆಚ್ಚುಕಡಿಮೆ ಮಾರ್ಚ್‌ವರೆಗೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಕಡೆ ಯಾವ ರಸ್ತೆ ಹಿಡಿದರೂ ಕಬ್ಬು ಸಿಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಹಿಂದಿನ ಟ್ರೇಲರಿಗೆ ದೀಪದ ವೈರು ಹರಿದು ಯಾವ ಕಾಲವಾಯಿತೋ. ಇದ್ದ ರೇಡಿಯಂ ಪಟ್ಟಿಯ ಮೇಲೆ ಎರೆಮಣ್ಣಿನ ರಾಡಿ, ಅದರ ಮೇಲೆ ಜೋತುಬಿದ್ದ ಕಬ್ಬಿನ ಸೋಗೆ. ಮುಂದಿನ ಎಂಜಿನ್ನಿನಲ್ಲಿ ಹಾಡು ಜೋರು, ನಿಮ್ಮ ಹಾರ್ನ್ ಆತನಿಗೆ ಕೇಳುವುದಿಲ್ಲ. ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ಇದು ಗಾಡಿಯ ಹಾಗೆ ಕಾಣುವುದೇ ಇಲ್ಲ, ಕತ್ತಲಿನದೇ ಒಂದು ತುಂಡಿನ ಹಾಗೆ ಇರುತ್ತದೆ.

ಈಗ ಮೇಲಿನ ಬಸ್ಸಿನ ಲೆಕ್ಕಕ್ಕೆ ವಾಪಸ್ ಬನ್ನಿ. ಡಿಪ್ಪರ್‌ನಲ್ಲಿ, ಅಂದರೆ ದೀಪ ತಗ್ಗಿಸಿದಾಗ, ಕಾರಿನ ಬೆಳಕು ಬೀಳುವುದು ಸುಮಾರು ನಲವತ್ತು ಐವತ್ತು ಮೀಟರ್. ಅಂದರೆ 80ರಲ್ಲಿ ಹೋಗುವವನು ಟ್ರೇಲರನ್ನು ಕಾಣುವ ಹೊತ್ತಿಗೆ ನಿಲ್ಲುವ ಜಾಗ ಆಗಲೇ ಮುಗಿದಿರುತ್ತದೆ. ಆತನ ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಕಣ್ಣು ಎಷ್ಟೇ ಚುರುಕಿರಲಿ, ಲೆಕ್ಕ ಕೂಡುವುದಿಲ್ಲ. ಡಿಪ್ಪರ್‌ನಲ್ಲಿ ಹೋಗುವಾಗ 60 ದಾಟಬೇಡಿ, ಎದುರು ಯಾರೂ ಇಲ್ಲದಿದ್ದರೆ ಅಪ್ಪರ್, ಅಂದರೆ ಫುಲ್ ಲೈಟ್ ಹಾಕಿಕೊಳ್ಳಿ. ಬೆಳಕು ಬೀಳುವಷ್ಟರೊಳಗೆ ನಿಲ್ಲುವ ವೇಗವೇ ರಾತ್ರಿಯ ವೇಗ.

ಓವರ್‌ಟೇಕ್ ಮಾಡುವವರು ಇದನ್ನೂ ಕೇಳಿ. ಟ್ರ್ಯಾಕ್ಟರ್ 20ರಲ್ಲಿ ಹೋಗುತ್ತಿದೆ, ನೀವು 50ರಲ್ಲಿ ದಾಟುತ್ತೀರಿ. ಎರಡು ಟ್ರೇಲರ್ ಸಮೇತ ಅದರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಸೇರಿ ಐವತ್ತು ಮೀಟರಿಗೂ ಹೆಚ್ಚು ನೀವು ಹಿಂದೆ ಹಾಕಬೇಕು. ಆರೇಳು ಸೆಕೆಂಡ್ ಎದುರಿನ ಪಥದಲ್ಲಿರುತ್ತೀರಿ. ಅಷ್ಟರಲ್ಲಿ ನೀವು ಹೆಚ್ಚುಕಡಿಮೆ 90 ಮೀಟರ್ ಓಡುತ್ತೀರಿ, ಎದುರಿನಿಂದ 80ರಲ್ಲಿ ಬರುವವನು 145 ಮೀಟರ್. ಕಾಲು ಕಿಲೋಮೀಟರ್ ರಸ್ತೆ ಖಾಲಿ ಕಾಣದೆ ಬಲಕ್ಕೆ ತಿರುಗಿಸಬಾರದು ಎಂದಾಯಿತು. ತಿರುವಿನಲ್ಲಿ, ದಿಬ್ಬದಲ್ಲಿ ಅಷ್ಟು ಕಾಣುವುದಿಲ್ಲ, ಸುಮ್ಮನೆ ಹಿಂದೆ ಇರಿ. ಮುಂದಿನ ಟ್ರ್ಯಾಕ್ಟರಿನವನು ಬಲಕ್ಕೆ ಇಂಡಿಕೇಟರ್ ಹಾಕಿದರೆ, ದಾಟು ಅನ್ನುತ್ತಿದ್ದಾನೋ ತಾನೇ ಹೊಲದ ದಾರಿಗೆ ತಿರುಗುತ್ತಿದ್ದಾನೋ ದೇವರಿಗೇ ಗೊತ್ತು. ನಾನು ಎರಡನೆಯದೆಂದೇ ತಿಳಿಯುತ್ತೇನೆ.

ಪಂಕ್ಚರ್ ಆಗಿ ನಿಂತ ಟ್ರೇಲರ್ ಇನ್ನೂ ಅಪಾಯ. ಒಂದು ವರ್ಷ ಡಿಸೆಂಬರಿನಲ್ಲಿ ಮುಧೋಳ ದಾಟಿ ಬರುವಾಗ ರಸ್ತೆಯ ನಡುವೆ ಬೇವಿನ ಟೊಂಗೆ ಬಿದ್ದಿದ್ದು ಕಂಡಿತು. ಗಾಳಿಗೆ ಮುರಿದುಬಿದ್ದಿರಬೇಕು ಅಂದುಕೊಂಡೆ. ಕಾಲು ಮಾತ್ರ ತಾನಾಗಿ ಬ್ರೇಕಿಗೆ ಹೋಯಿತು. ಟೊಂಗೆಯ ಆಚೆ ಹತ್ತು ಹೆಜ್ಜೆಗೆ ಟ್ರೇಲರ್ ನಿಂತಿತ್ತು, ಅದರ ಕೆಳಗೆ ಜಾಕ್ ಏರಿಸುತ್ತ ಇಬ್ಬರು ಮಲಗಿದ್ದರು. ನಮ್ಮ ಕಡೆ ರಸ್ತೆಯ ಮೇಲೆ ಟೊಂಗೆ, ಸಾಲುಗಲ್ಲು ಕಂಡರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಎಂದೇ ಅರ್ಥ. ಯಾವ ಪರೀಕ್ಷೆಯಲ್ಲೂ ಕೇಳದ ಸಂಚಾರ ಚಿಹ್ನೆ ಅದು. ಗಾಡಿ ಹೋದ ಮೇಲೂ ಕಲ್ಲುಗಳು ಅಲ್ಲೇ ಉಳಿಯುತ್ತವೆ, ಬೈಕಿನವರು ಅದನ್ನೂ ನೆನಪಿಡಬೇಕು. ನಿಮ್ಮ ಕಾರಿನ ಡಿಕ್ಕಿಯಲ್ಲಿ ಕೆಂಪು ತ್ರಿಕೋನ ಇದೆ. ಕೆಟ್ಟು ನಿಂತಾಗ ಗಾಡಿಗೆ ಒರಗಿಸಿ ಇಡದೆ, ಐವತ್ತು ಹೆಜ್ಜೆ ಹಿಂದೆ ನಡೆದು ಇಟ್ಟು ಬನ್ನಿ.

ನಾವ ಟ್ರ್ಯಾಕ್ಟರ್ ಮಾಲಕ್ರು. ಎಲ್ಲಾರೂ ನಮಗ ಬೈತೀರಲ್ಲ, ನಾವ ಏನ ಮಾಡಬೇಕು?

ಬೈಗುಳ ವಾಪಸ್ ತೆಗೆದುಕೊಳ್ಳುತ್ತೇನೆ. ಫ್ಯಾಕ್ಟರಿ ಗೇಟಿನ ಮುಂದೆ ಎರಡು ದಿನ ಸರದಿಯಲ್ಲಿ ನಿಂತು, ನಿದ್ದೆಗೆಟ್ಟು ವಾಪಸಾಗುವ ಹುಡುಗನ ಕಷ್ಟ ಕಾರಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಮಾಡಬೇಕಾದ್ದು ದುಬಾರಿಯದೇನಲ್ಲ. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ ರೇಡಿಯಂ ಪಟ್ಟಿ. ಹಿಂದಿನದನ್ನು ಸೋಗೆ ಜೋತುಬೀಳದ ಕೆಳಗಿನ ಪಟ್ಟಿಗೆ ಹಚ್ಚಿ. ಮೇಲೆ ಹಚ್ಚಿದ್ದು ಲೋಡ್ ಆದ ಮೇಲೆ ಇದ್ದೂ ಇಲ್ಲದಂತೆ. ಹೊಲದಿಂದ ರಸ್ತೆಗೆ ಏರಿದ ಕೂಡಲೇ ಒಂದು ಅರಿವೆಯಿಂದ ಒರೆಸಿ. ವೈರು ಹರಿಯುತ್ತದೆ ಅನ್ನುವುದಾದರೆ ಬ್ಯಾಟರಿ ಸೆಲ್ಲಿನ ಕೆಂಪು ಮಿಣುಕು ದೀಪ ಕಟ್ಟಿ. ಮಡ್‌ಗಾರ್ಡ್ ಮೇಲೆ, ಲೋಡಿನ ಮೇಲೆ ಆಳುಗಳನ್ನು ಕೂರಿಸಬೇಡಿ. ಕುಲುಕಿಗೆ ಜಾರಿದವರು ಬೀಳುವುದು ನೇರ ಗಾಲಿಯ ಕೆಳಗೆ.

ಎದುರಿನಾಂವ ಫುಲ್ ಲೈಟ್ ಹಾಕ್ಕೊಂಡ ಬಂದ್ರ?

ವೇಗ ಇಳಿಸಿ, ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ಇಡಿ. ಒಮ್ಮೆ ಡಿಪ್ಪರ್ ಹೊಡೆದು ಕೇಳಿ, ಇಳಿಸದಿದ್ದರೆ ಬಿಟ್ಟುಬಿಡಿ. ಸೇಡಿಗೆ ನೀವೂ ಫುಲ್ ಲೈಟ್ ಹಾಕಿದರೆ ಒಂದೇ ರಸ್ತೆಯಲ್ಲಿ ಎದುರುಬದುರು ಇಬ್ಬರು ಕುರುಡರಾದಂತೆ. ಮುಂದಿನ ಗಾಜಿನ ಒಳಮೈ ಒರೆಸಿ. ಹೊರಗಿನದನ್ನು ಎಲ್ಲರೂ ಒರೆಸುತ್ತಾರೆ, ಕಣ್ಣು ಕುಕ್ಕುವಂತೆ ಬೆಳಕನ್ನು ಹರಡುವುದು ಒಳಗಿನ ಜಿಡ್ಡು.

ಬಿಸಲಾಗ ಹೆಲ್ಮೆಟ್ ಹಾಕ್ಕೊಂಡ್ರ ತಲಿ ಬೇಯತೈತ್ರಿ.

ಬೇಯುತ್ತದೆ, ಒಪ್ಪಿದೆ. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ಏನೆಂದು ನನಗೂ ಗೊತ್ತು. ಒಳಗೆ ತೆಳು ಹತ್ತಿ ಅರಿವೆ ಕಟ್ಟಿಕೊಳ್ಳಿ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಇರಲಿ, ಗಲ್ಲದ ಪಟ್ಟಿ ಹಾಕಿ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ನಿಮಗಿಂತ ಮೊದಲು ಹಾರಿ ಹೋಗುತ್ತದೆ. ಹಿಂದೆ ಕೂತವರಿಗೂ ಕಡ್ಡಾಯ. 9 ತಿಂಗಳಿಂದ 4 ವರ್ಷದ ಮಗುವನ್ನು ಕೂರಿಸಿಕೊಂಡರೆ ಓಡಿಸುವವರಿಗೆ ಕಟ್ಟುವ ಬೆಲ್ಟ್, ಮಗುವಿಗೆ ಅದರ ಅಳತೆಯ ಹೆಲ್ಮೆಟ್, ವೇಗ 40ರೊಳಗೆ ಎಂದು ನಿಯಮವಿದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದನ್ನು ಬಿಡಿ. ಬ್ರೇಕ್ ಹಾಕಿದಾಗ ನಿಮ್ಮ ಎದೆ ಮತ್ತು ಹ್ಯಾಂಡಲ್ ನಡುವೆ ಸಿಗುವುದು ಆ ಮಗು.

ಸೀರೆ ಉಟ್ಟು ಹಿಂದೆ ಕೂರುವ ಅಕ್ಕಂದಿರು ಸೆರಗನ್ನು ಸೊಂಟಕ್ಕೆ ಸಿಗಿಸಿ. ಸ್ಯಾರಿ ಗಾರ್ಡ್ ಚೆಂದ ಕಾಣುವುದಿಲ್ಲ ಎಂದು ಬಿಚ್ಚಿಸುವ ಹುಡುಗರಿಗೆ ಅವರ ಅವ್ವ ಯಾವ ಗಾಡಿಯ ಮೇಲೆ ಕೂರುತ್ತಾಳೆ ಎಂದು ಕೇಳುತ್ತೇನೆ.

ರಸ್ತೆ ಮ್ಯಾಲೆ ರಾಶಿ ಹಾಕಿರತಾರ. ಮ್ಯಾಲ ಹಾಯಿಸಬಹುದಾ?

ಬೈಕಿನವರಂತೂ ಬೇಡವೇ ಬೇಡ. ಸಜ್ಜೆ, ಗೋವಿನಜೋಳ, ತೊಗರಿಯ ಕಾಳು ಗಾಲಿಯ ಕೆಳಗೆ ಗೋಲಿಯಂತೆ ಉರುಳುತ್ತದೆ. ಕಾರಿನವರಿಗೆ ಬೇರೆ ತೊಂದರೆ: ಒಣ ಹೊಟ್ಟು, ಬಳ್ಳಿ ಕೆಳಗಿನ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಬಿಸಿಗೆ ಬೆಂಕಿಯೂ ಹಿಡಿಯುತ್ತದೆ. ಹಾಯಲೇಬೇಕಾಗಿ ಬಂದರೆ ಮುಂದೆ ಹೋಗಿ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ. ರಾಶಿಯ ಸುತ್ತ ಇಟ್ಟ ಕಲ್ಲುಗಳು ರಾತ್ರಿ ಕಾಣುವುದಿಲ್ಲ. ರೈತರ ಕಣ ಚಿಕ್ಕದಾಗಿದೆ ಎಂಬುದು ನಿಜ, ರಸ್ತೆ ಕಣವಲ್ಲ ಎಂಬುದೂ ನಿಜ. ಈ ಜಗಳದಲ್ಲಿ ನಾನು ಇಬ್ಬರ ಕಡೆಯೂ ಇದ್ದೇನೆ.

ಮುಂಗಾರಿನಲ್ಲಿ ಇದೇ ಜಾಗದಲ್ಲಿ ಇನ್ನೊಂದು ಸಂಗತಿ. ಹೊಲದಿಂದ ಹತ್ತಿದ ಟ್ರ್ಯಾಕ್ಟರ್ ಗಾಲಿ ಎರೆಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗುತ್ತದೆ. ಒಣಗಿದ್ದಾಗ ಏನೂ ಇಲ್ಲ. ನಾಲ್ಕು ಹನಿ ಬಿತ್ತೋ, ಸಾಬೂನು. ಅಲ್ಲಿ ಬ್ರೇಕ್ ತುಳಿಯದೆ ಮೊದಲೇ ವೇಗ ಇಳಿಸಿ ದಾಟಬೇಕು.

ಬ್ರಿಜ್ ಮ್ಯಾಲೆ ನೀರ ಬಂದಾವ, ಮೊಣಕಾಲ ಮಟ ಅಷ್ಟ. ಹಾಯಲೇನು?

ಬೇಡ. ಸಣ್ಣ ಕಾರು ತೇಲಲು 30 ಸೆಂಟಿಮೀಟರ್ ಹರಿಯುವ ನೀರು ಸಾಕು, ಅದು ಮೊಣಕಾಲಿಗೂ ಕಡಿಮೆ. ಘಟಪ್ರಭೆ, ಮಲಪ್ರಭೆ, ಕೃಷ್ಣೆ, ವಿಜಯಪುರದ ಡೋಣಿ, ಯಾವುದರ ಕೆಳಸೇತುವೆಯಾದರೂ ಸರಿ. ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ದಂಡೆಯಲ್ಲಿ ನಿಂತು ತಿಳಿಯುವುದಿಲ್ಲ. 2019ರ ಆಗಸ್ಟಿನ ಮಹಾಪೂರ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಸುತ್ತು ಹೊಡೆದು ಬನ್ನಿ, ಇಲ್ಲವೇ ಬೀಗರ ಮನೆಯಲ್ಲಿ ಉಳಿದುಬಿಡಿ.

ಬೆಳಗಾವಿಂದ ಚೋರ್ಲಾ ಘಾಟಿನಾಗ ಗೋವಾಕ್ಕ ಹೊಂಟೀವಿ. ಘಾಟ್ ಹೊಡದು ರೂಢಿ ಇಲ್ಲ.

ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ದಾಟುವವರೆಗೂ ರಸ್ತೆ ನಿಮ್ಮನ್ನು ಮಾತಾಡಿಸಿಕೊಂಡು ಹೋಗುತ್ತದೆ, ಆಮೇಲೆ ಇಳಿಜಾರು. ಬಯಲುಸೀಮೆಯವರು ಮಾಡುವ ತಪ್ಪು ಒಂದೇ: ಇಡೀ ಘಾಟನ್ನು ಬ್ರೇಕಿನ ಮೇಲೆ ಇಳಿಯುತ್ತಾರೆ. ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ, ಆಮೇಲೆ ಹಿಡಿಯುವುದಿಲ್ಲ. ಇಳಿಯಲು ಎರಡನೇ ಗೇರ್, ಕೆಲವೆಡೆ ಮೊದಲನೆಯದು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಆಗಾಗ ಅಷ್ಟೇ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಇಬ್ಬರಿಗೆ ಜಾಗ ಸಾಲದ ಕಡೆ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು, ನಿಯಮವೂ ಅದೇ. ಮಂಜಿನಲ್ಲಿ ಡಿಪ್ಪರ್ ಹಾಕಿ. ಅಪ್ಪರ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಕಾಣುತ್ತದೆ.

ಬ್ಯಾಸಗಿ ಟೈರ್?

ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿಸಿ. ಎಷ್ಟು ಹಾಕಿಸಬೇಕೆಂದು ಡ್ರೈವರ್ ಬಾಗಿಲಿನ ಹತ್ತಿರದ ಚೀಟಿಯಲ್ಲಿದೆ, ಪಂಕ್ಚರ್ ಅಂಗಡಿಯವರ ಅಂದಾಜಿನಲ್ಲಿಲ್ಲ. ಬಿಸಿಲಿಗೆ ಒಡೆಯುವುದೆಂದು ಗಾಳಿ ಕಡಿಮೆ ಹಾಕಿಸುತ್ತಾರೆ, ಒಡೆಯುವುದು ಅದರಿಂದಲೇ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ. ಪಕ್ಕೆಯ ಮೇಲೆ ನಾಲ್ಕಂಕಿಯ ಮುದ್ರೆ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯನ್ನೂ ನೋಡಿ, ಪಾಪ ಅದನ್ನು ಯಾರೂ ಕೇಳುವುದಿಲ್ಲ.

ಉಂಡು ಹೊಂಟ್ರ ನಿದ್ದಿ ಎಳೀತೈತಿ. ಬಾಯಾಗ ಗುಟಖಾ ಹಾಕ್ಕೊಂಡ್ರ ನಡಿಯಂಗಿಲ್ಲೇನು?

ಗುಟಖಾ ಬಾಯಿಯನ್ನು ಎಚ್ಚರವಾಗಿ ಇಡುತ್ತದೆ, ತಲೆಯನ್ನಲ್ಲ. ಮೇಲಾಗಿ ಉಗುಳಲು ಓಡುತ್ತಿರುವ ಗಾಡಿಯ ಬಾಗಿಲು ತೆರೆಯುವವರನ್ನು ನಾನೇ ನೋಡಿದ್ದೇನೆ. ನಿದ್ದೆಗೆ ಮದ್ದು ನಿದ್ದೆಯೇ: ಧಾಬಾದ ಅಂಗಳದಲ್ಲಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಚಹಾ ಆಮೇಲೆ. ಮಧ್ಯಾಹ್ನಕ್ಕಿಂತ ಕೆಟ್ಟ ಹೊತ್ತು ರಾತ್ರಿ ಎರಡರಿಂದ ಐದು. ಮದುವೆ ಮುಗಿಸಿ ರಾತ್ರಿಯೇ ಕ್ರೂಸರ್ ತುಂಬಿಕೊಂಡು ಹೊರಡುವ ನಮ್ಮ ರೂಢಿ ನನಗೆ ಸರಿಬರುವುದಿಲ್ಲ. ಅಕ್ಕಿಕಾಳು ಬಿದ್ದ ಮನೆಯವರು ಡ್ರೈವರ್ ಹುಡುಗನಿಗೂ ಮಲಗಲು ಒಂದು ಚಾಪೆ ಕೊಟ್ಟರೆ ಏನು ಗಂಟು ಹೋಗುತ್ತದೆ?

ಎಷ್ಟ ಕುಡದ್ರ ನಡೀತೈತ್ರಿ?

ನೂರು ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೀರಿದರೆ ಮೊದಲ ಸಲವೇ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಎಷ್ಟು ಗ್ಲಾಸಿಗೆ ಅಷ್ಟಾಗುತ್ತದೆ ಎಂಬ ಲೆಕ್ಕ ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಪಾದಯಾತ್ರೆದವ್ರು ರಸ್ತೆ ತುಂಬ ನಡೀತಿರತಾರ.

ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ, ಹುಣ್ಣಿಮೆಗೆ ಚಕ್ಕಡಿ ಕಟ್ಟಿ ಎಲ್ಲಮ್ಮನ ಗುಡ್ಡಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ. ಬಿಸಿಲು ತಪ್ಪಿಸಲು ನಸುಕಿನಲ್ಲಿ, ರಾತ್ರಿಯಲ್ಲಿ ನಡೆಯುತ್ತಾರೆ. ಆ ದಿನಗಳಲ್ಲಿ ಇಡೀ ರಸ್ತೆಯನ್ನೇ ಊರೆಂದು ತಿಳಿದು ನಿಧಾನ ಹೋಗಿ. ನಡೆಯುವವರಿಗೂ ಒಂದು ಮಾತು: ರಸ್ತೆಯ ಬಲಗಡೆ, ಎದುರಿನ ಗಾಡಿ ಕಾಣುವಂತೆ ನಡೆಯಿರಿ, ಬೆನ್ನಿನ ಚೀಲಕ್ಕೆ ಒಂದು ರೇಡಿಯಂ ತುಂಡು ಹಚ್ಚಿಕೊಳ್ಳಿ. ಕಂಬಿಗೂ ಹಚ್ಚಬಹುದು, ಮಲ್ಲಯ್ಯ ಬೇಡ ಅನ್ನುವುದಿಲ್ಲ.

ಆ್ಯಕ್ಸಿಡೆಂಟ್ ಆದವ್ರಿಗೆ ಸಹಾಯ ಮಾಡಿದ್ರ ಸ್ಟೇಷನ್ನಿಗೆ ಅಡ್ಡಾಡಬೇಕಲ್ರಿ?

ಬೇಕಿಲ್ಲ. ಕಾಯ್ದೆಯ 134ಎ ಕಲಂ ನೆರವಿಗೆ ಬಂದವರನ್ನು ಕಾಪಾಡುತ್ತದೆ. ನಿಮ್ಮ ಹೆಸರು ಹೇಳೆಂದು ಪೊಲೀಸರೂ ಆಸ್ಪತ್ರೆಯವರೂ ಒತ್ತಾಯಿಸುವಂತಿಲ್ಲ; ಸಾಕ್ಷಿ ಹೇಳುವುದು ಬಿಡುವುದು ನಿಮ್ಮಿಷ್ಟ. 112 ಅಥವಾ 108ಕ್ಕೆ ಕರೆ ಮಾಡಿ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಮಾಡಬಹುದು. ಮೈಲಿಗಲ್ಲಿನ ಅಂಕಿ ಹೇಳಿ, ಆಂಬುಲೆನ್ಸ್ ಬೇಗ ಬರುತ್ತದೆ. ಮೊದಲು ನಿಮ್ಮ ಗಾಡಿಯನ್ನು ಪಕ್ಕಕ್ಕೆ ಹಾಕಿ ನಾಲ್ಕೂ ಇಂಡಿಕೇಟರ್ ಉರಿಸಿ, ಇಲ್ಲದಿದ್ದರೆ ಹಿಂದಿನವನು ಬಂದು ನಿಮಗೇ ಗುದ್ದುತ್ತಾನೆ. ಬಾಯಿಗೆ ನೀರು ಹಾಕಬೇಡಿ. ಇಬ್ಬರ ನಡುವೆ ಬೈಕಿನ ಮೇಲೆ ಕೂರಿಸಿಕೊಂಡು ಒಯ್ಯಬೇಡಿ, ಕುತ್ತಿಗೆ ಬೆನ್ನಿಗೆ ಪೆಟ್ಟಾಗಿದ್ದರೆ ಅದರಿಂದಲೇ ಜನ್ಮಪೂರ್ತಿ ಹಾಸಿಗೆ ಹಿಡಿಯುತ್ತಾರೆ. ರಕ್ತ ಹರಿಯುತ್ತಿದ್ದರೆ ಶುದ್ಧ ಅರಿವೆ ಒತ್ತಿ ಹಿಡಿಯಿರಿ, ಟವೆಲ್ ಆದರೂ ಸರಿ. ದುಡ್ಡಿನ ಚಿಂತೆ ಮಾಡುವವರಿಗೆ ಹೇಳಿ: 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತವಾದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ.

ನನಗ ಈಗ ನಲವತ್ತೆಂಟ್ರಿ. ಮನ್ಯಾಗ ನಗತಾರ. ಕಲೀಬಹುದೇನು?

ಬನ್ನಿ ಅಕ್ಕಾರ. ಇಪ್ಪತ್ತರ ಹುಡುಗರು ಮೊದಲ ದಿನ ಕೇಳುವುದು ಟಾಪ್ ಗೇರ್ ಯಾವಾಗ ಹಾಕೂದು ಅಂತ. ನಿಮ್ಮ ವಯಸ್ಸಿನವರು ಕೇಳುವುದು ಬ್ರೇಕ್ ಯಾವುದು ಅಂತ. ನನಗೆ ಕಲಿಸಲು ಸುಲಭ ನೀವೇ. ಕ್ಲಚ್ ಹಿಡಿತಕ್ಕೆ ಹುಡುಗರಿಗಿಂತ ನಾಲ್ಕು ದಿನ ಹೆಚ್ಚು ಹಿಡಿಯಬಹುದು, ಹಿಡಿಯಲಿ. ಕಣ್ಣು ಒಮ್ಮೆ ತೋರಿಸಿಕೊಂಡು ಬನ್ನಿ, ಮುಖ್ಯವಾಗಿ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆಯೇ ಎಂದು ಡಾಕ್ಟರಿಗೆ ಹೇಳಿ; 40 ದಾಟಿದವರಿಗೆ ಬೇಕಾದ ವೈದ್ಯರ ಪ್ರಮಾಣಪತ್ರವನ್ನೂ ಆಗಲೇ ಮಾಡಿಸಿಕೊಳ್ಳಿ. ಭಾನುವಾರ ಆರಕ್ಕೆ ಶುರು. ಸೆರಗಿಗೆ ಪಿನ್ ಹಾಕಿಕೊಂಡು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಮೆಟ್ಟಿಕೊಂಡು ಬನ್ನಿ. ಇಟ್ಟಿಗೆ, ಸುಣ್ಣ ನಾನು ತರುತ್ತೇನೆ.